ಬಡವರ ಸ್ವಂತ ಮನೆ: ಚಾಮರಾಜನಗರ, ಗುಂಡ್ಲುಪೇಟೆ

ಕಡಿಮೆ ಆದಾಯದ ಕುಟುಂಬ ತನ್ನದೇ ನಿವೇಶನದಲ್ಲಿ, ದೊಡ್ಡ ಸಾಲಕ್ಕೆ ಸಿಲುಕದೆ ಪಡೆಯುವ ಮನೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿ ಭೂರಹಿತ ಕೂಲಿಕಾರರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಜೇನುಕುರುಬರಿಗೆ ಇದರ ಅಗತ್ಯ ಹೆಚ್ಚು.

ಯೋಜನೆಗಳು: ರಾಜ್ಯದ ವಸತಿ ಯೋಜನೆಗಳನ್ನು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಡೆಸುತ್ತದೆ. ಹಳ್ಳಿಗಳಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯದು. ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತ ಮುಗಿದಂತೆ ಕಂತಿನ ಹಣ ಬರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನಿಗದಿಪಡಿಸಿ, ಕನಿಷ್ಠ ವಿಸ್ತೀರ್ಣವನ್ನು 25 ಚದರ ಮೀಟರ್ ಎಂದಿತು. ಜೇನುಕುರುಬರು ಸೇರಿದಂತೆ ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ 2023ರಲ್ಲಿ ಬಂದ ಪಿಎಂ-ಜನಮನ್ ಯೋಜನೆಯಲ್ಲಿ ಈ ನೆರವು 2 ಲಕ್ಷ ರೂಪಾಯಿ.

ಹಕ್ಕುಪತ್ರ: ಗೋಡೆಗಿಂತ ಮೊದಲು ಬೇಕಾದುದು ನೆಲದ ಹಕ್ಕು. ಸರ್ಕಾರಿ ಜಾಗದ ಮನೆಗಳನ್ನು ಸಕ್ರಮಗೊಳಿಸಲು ಭೂಕಂದಾಯ ಕಾಯ್ದೆಯ 94ಸಿ ಕಲಮು ಅವಕಾಶ ನೀಡುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ವಾಸದ ನೆಲಕ್ಕೂ ಹಕ್ಕು ಕೊಡುತ್ತದೆ. ಈ ಕಾಯ್ದೆಯಡಿ ವಿವಾಹಿತರಾದರೆ ಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲಿರಬೇಕು.

ಪರಿಣಾಮ: ಸೂರು ಗಟ್ಟಿಯಾದರೆ ಮಳೆಗಾಲದ ದುರಸ್ತಿ ಖರ್ಚು ಉಳಿಯುತ್ತದೆ, ಎಬ್ಬಿಸುವ ಭಯ ತಗ್ಗುತ್ತದೆ. ಕಾಯಂ ವಿಳಾಸದಿಂದ ಪಡಿತರ ಚೀಟಿ, ವಿದ್ಯುತ್ ಸಂಪರ್ಕ ಸುಲಭವಾಗುತ್ತವೆ. ಅರಣ್ಯ ಹಕ್ಕಿನ ನೆಲ ಮಕ್ಕಳಿಗೆ ಉತ್ತರಾಧಿಕಾರವಾಗಿ ಬರುತ್ತದೆ, ಅದನ್ನು ಮಾರುವಂತಿಲ್ಲ.