ಶಾಖಪಂಪು ಮನೆಯನ್ನು ಹೊಕ್ಕ ಬಗೆ: ಒಂದು ಚಾರಿತ್ರಿಕ ವಿವೇಚನೆ

ಶೀತದೇಶಗಳಲ್ಲಿ ಚಳಿಗಾಲದ ಮನೆಯನ್ನು ಬೆಚ್ಚಗಿಡುವುದು ಅನ್ನಬಟ್ಟೆಗಳಷ್ಟೇ ಅಗತ್ಯವಾದ ವಿಷಯ. ಯೂರೋಪಿನ ಗೃಹಸ್ಥನು ಮೊದಲು ಸೌದೆಯನ್ನೂ, ಅನಂತರ ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನೂ ಸುಟ್ಟು ಈ ಅಗತ್ಯವನ್ನು ಪೂರೈಸಿಕೊಂಡು ಬಂದಿದ್ದಾನೆ. ಆದರೆ ಮನೆಯಲ್ಲಿ ಏನನ್ನೂ ಸುಡದೆ, ಹೊರಗಿನ ಗಾಳಿಯಲ್ಲಿಯೋ ನೆಲದಲ್ಲಿಯೋ ನದಿಯ ನೀರಿನಲ್ಲಿಯೋ ಇರುವ ಅಲ್ಪ ಶಾಖವನ್ನೇ ಒಳಕ್ಕೆ ತರುವ ಯಂತ್ರವೊಂದುಂಟು. ಇಂಗ್ಲಿಷಿನಲ್ಲಿ ಹೀಟ್ ಪಂಪ್ ಎಂದು ಹೆಸರಾದ ಇದನ್ನು ನಾವು ಶಾಖಪಂಪು ಎಂದು ಕರೆಯಬಹುದು. ಇದರ ತತ್ತ್ವವು 1852ರಲ್ಲಿಯೇ ತಿಳಿದಿದ್ದರೂ ಯೂರೋಪಿನ ಸಾಮಾನ್ಯರ ಮನೆಗಳಲ್ಲಿ ಇದು ಗಣನೀಯವಾಗಿ ಬಳಕೆಗೆ ಬಂದುದು 1973ರ ತರುವಾಯ. ಈ ವಿಳಂಬಕ್ಕೆ ಕಾರಣವೇನು? ಹೊಸದನ್ನು ಒಪ್ಪದ ಗೃಹಸ್ಥನ ಹಿಂಜರಿಕೆಯೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಚರಿತ್ರೆಯ ಸಾಕ್ಷ್ಯವು ಬೇರೆಯದನ್ನೇ ಸೂಚಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ತತ್ತ್ವವನ್ನು ಸಂಕ್ಷೇಪವಾಗಿ ನೋಡೋಣ. ನೀರು ತಾನಾಗಿ ತಗ್ಗಿಗೆ ಹರಿಯುವಂತೆ ಶಾಖವು ತಾನಾಗಿ ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ಹರಿಯುತ್ತದೆ. ಬಾವಿಯ ನೀರನ್ನು ಮೇಲಕ್ಕೆತ್ತಲು ಪಂಪು ಬೇಕಾಗುವಂತೆ, ತಣ್ಣಗಿನ ಸ್ಥಳದಿಂದ ಬಿಸಿಯಾದ ಸ್ಥಳಕ್ಕೆ ಶಾಖವನ್ನೆತ್ತಲು ಶಕ್ತಿಯನ್ನು ವ್ಯಯಮಾಡಬೇಕು. ನಮ್ಮ ಮನೆಗಳ ರೆಫ್ರಿಜರೇಟರು ಮಾಡುವುದೂ ಇದನ್ನೇ. ನೀರನ್ನೆತ್ತುವ ಎತ್ತರ ಕಡಿಮೆಯಾದಷ್ಟೂ ಶ್ರಮ ಕಡಿಮೆಯಾಗುವಂತೆ, ಇಲ್ಲಿ ಉಷ್ಣಾಂಶಗಳ ಅಂತರ ಕಡಿಮೆಯಾದಷ್ಟೂ ಲಾಭ ಹೆಚ್ಚು. ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ ಪ್ರಕಟಿಸಿದ ವಿಚಾರಗಳಿಂದ ಮುಂದೆ ರೂಪುಗೊಂಡ ಸೂತ್ರದಂತೆ, 5 ಡಿಗ್ರಿ ಸೆಲ್ಸಿಯಸ್ ಇರುವ ಹೊರಗಿನಿಂದ 35 ಡಿಗ್ರಿಗೆ ಶಾಖವನ್ನೆತ್ತುವಾಗ, ವ್ಯಯಮಾಡಿದ ಶಕ್ತಿಯ ಸುಮಾರು ಹತ್ತರಷ್ಟು ಶಾಖವನ್ನು ಪಡೆಯಬಹುದು. 60 ಡಿಗ್ರಿಗೆ ಎತ್ತುವುದಾದರೆ ಆರರಷ್ಟು ಮಾತ್ರ. ಇದು ಆದರ್ಶದ ಮಿತಿ. ನಿಜವಾದ ಯಂತ್ರಗಳು ಇದರ ಅರ್ಧದಷ್ಟನ್ನು ಸಾಧಿಸಿದರೂ ಅದು ಒಳ್ಳೆಯ ಸಾಧನೆಯೇ.

ಈ ತತ್ತ್ವದಿಂದ ಕಟ್ಟಡಗಳನ್ನು ಬೆಚ್ಚಗೆ ಮಾಡಬಹುದೆಂದು 1852ರಲ್ಲಿ ಸೂಚಿಸಿದವರು ಗ್ಲಾಸ್ಗೋದ ಪ್ರಾಧ್ಯಾಪಕರಾಗಿದ್ದ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದ ವಿಲಿಯಂ ಥಾಮ್ಸನ್ನರು. ಆದರೆ ಅವರ ಕಾಲದ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಹೇರಳವಾಗಿ ದೊರೆಯುತ್ತಿದ್ದಿತು. ಶಾಖವನ್ನು ಮಿತವ್ಯಯದಿಂದ ಪಡೆಯಬೇಕೆಂಬ ಒತ್ತಾಯ ಯಾರಿಗೂ ಇರಲಿಲ್ಲ. ಯಂತ್ರವು ಮೊದಲು ನೆಲೆಯೂರಿದುದು ಕಲ್ಲಿದ್ದಲು ಇಲ್ಲದ ದೇಶದಲ್ಲಿ ಎಂಬುದು ಗಮನಾರ್ಹ. ಸ್ವಿಟ್ಜರ್ಲೆಂಡಿಗೆ ಕಲ್ಲಿದ್ದಲು ಹೊರಗಿನಿಂದ ಬರಬೇಕಾಗಿದ್ದಿತು; ಜಲವಿದ್ಯುತ್ತಾದರೋ ಸ್ವಂತದ್ದು. 1938ರಲ್ಲಿ ಜ್ಯೂರಿಕ್ ನಗರದ ಪುರಭವನಕ್ಕೆ ಎಷರ್ ವಿಸ್ ಸಂಸ್ಥೆಯವರು ಶಾಖಪಂಪನ್ನು ಅಳವಡಿಸಿದರು. ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ತಣ್ಣೀರೇ ಅದಕ್ಕೆ ಶಾಖದ ಮೂಲ. ಆ ಯಂತ್ರವನ್ನು ಬದಲಿಸಿದುದು 2001ರಲ್ಲಿ. ಯಂತ್ರದ ಬಾಳಿಕೆಯ ಬಗ್ಗೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಿಲ್ಲ.

ಬ್ರಿಟನ್ನಿನಲ್ಲಿಯೂ ಪ್ರಯತ್ನಗಳು ನಡೆಯದೆ ಇರಲಿಲ್ಲ. ಎಂಜಿನಿಯರ್ ಹಾಲ್ಡೇನ್ ಎಂಬುವರು ಸ್ಕಾಟ್ಲೆಂಡಿನ ತಮ್ಮ ಮನೆಯಲ್ಲಿ ನಡೆಸಿದ ಪ್ರಯೋಗಗಳ ವಿವರವನ್ನು 1930ರಲ್ಲಿ ಪ್ರಕಟಿಸಿದರು. ನಾರ್ವಿಚ್ ನಗರದ ವಿದ್ಯುತ್ ಎಂಜಿನಿಯರ್ ಜಾನ್ ಸಮ್ನರರು 1945ರ ಸುಮಾರಿಗೆ, ಯುದ್ಧಕಾಲದ ಅಭಾವದ ನಡುವೆ ಹಳೆಯ ಬಿಡಿಭಾಗಗಳನ್ನು ಕೂಡಿಸಿ, ವೆನ್ಸಮ್ ನದಿಯ ನೀರಿನಿಂದ ತಮ್ಮ ಇಲಾಖೆಯ ಕಟ್ಟಡವನ್ನು ಬೆಚ್ಚಗೆ ಮಾಡುವ ಯಂತ್ರವನ್ನು ನಿರ್ಮಿಸಿದರು. ವ್ಯಯಮಾಡಿದ ವಿದ್ಯುತ್ತಿನ ಮೂರರಷ್ಟಕ್ಕೂ ಮಿಕ್ಕು ಶಾಖ ಅದರಿಂದ ದೊರೆಯಿತು. ಮುಂದೆ ಸಮ್ನರರು ತಮ್ಮ ಸ್ವಂತ ಮನೆಗೂ ನೆಲದ ಶಾಖವನ್ನು ಬಳಸುವ ಪಂಪನ್ನು ಹಾಕಿಸಿಕೊಂಡರು. ಆದರೂ ನೆರೆಹೊರೆಯವರು ಅವರನ್ನು ಅನುಸರಿಸಲಿಲ್ಲ. ಇದನ್ನು ಅಜ್ಞಾನವೆನ್ನುವ ಮೊದಲು ಆ ಕಾಲದ ಲೆಕ್ಕವನ್ನು ನೋಡಬೇಕು. ಬ್ರಿಟನ್ನಿನ ವಿದ್ಯುತ್ತು ಬಹುಮಟ್ಟಿಗೆ ಕಲ್ಲಿದ್ದಲಿನದು. ವಿದ್ಯುದಾಗಾರದಲ್ಲಿ ಸುಟ್ಟ ನೂರು ಪಾಲು ಶಾಖದಲ್ಲಿ ವಿದ್ಯುತ್ತಾಗುತ್ತಿದ್ದುದು ಸುಮಾರು ಇಪ್ಪತ್ತೈದು ಪಾಲು. ಶಾಖಪಂಪು ಅದನ್ನು ಮೂರರಷ್ಟು ಮಾಡಿದರೆ ಎಪ್ಪತ್ತೈದಾಯಿತು. ಒಳ್ಳೆಯ ಬಾಯ್ಲರೊಂದರಲ್ಲಿ ನೇರವಾಗಿ ಸುಟ್ಟರೂ ಬಹುಶಃ ಅಷ್ಟೇ ದೊರೆಯುತ್ತಿದ್ದಿತು. ಯಂತ್ರದ ದುಬಾರಿ ಬೆಲೆಯನ್ನು ತೀರಿಸುವ ಉಳಿತಾಯ ಎಲ್ಲಿಂದ ಬರಬೇಕು? ಮುಂದೆ 1965ರಲ್ಲಿ ಉತ್ತರ ಸಮುದ್ರದ ಬ್ರಿಟಿಷ್ ಭಾಗದಲ್ಲಿ ಅನಿಲ ದೊರೆತು, 1967ರಿಂದ ಹತ್ತು ವರ್ಷಗಳಲ್ಲಿ ಮನೆಮನೆಯ ಒಲೆಗಳನ್ನೂ ಬಾಯ್ಲರುಗಳನ್ನೂ ಅದಕ್ಕೆ ಹೊಂದಿಸಲಾಯಿತು. ಗೃಹಸ್ಥನ ನಿರ್ಧಾರವು ಅಲ್ಲಿಗೆ ಮುಗಿದಂತಾಯಿತು.

ಸ್ವೀಡನ್ನಿನ ಚರಿತ್ರೆ ಇದಕ್ಕೆ ಭಿನ್ನವಾದುದು. 1973ರ ಅಕ್ಟೋಬರಿನ ತರುವಾಯ ಎಣ್ಣೆಯ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾದಾಗ, ಆ ದೇಶದ ಶಕ್ತಿಪೂರೈಕೆಯ ಬಹುಭಾಗ ಆಮದಿನ ಎಣ್ಣೆಯನ್ನೇ ಅವಲಂಬಿಸಿದ್ದಿತು. ಜಲವಿದ್ಯುತ್ತೂ ಅನಂತರ ಪರಮಾಣು ವಿದ್ಯುತ್ತೂ ಅಲ್ಲಿದ್ದುವು. ಸರ್ಕಾರವು ಸಾಲ ಸಹಾಯಧನಗಳನ್ನು ಕೊಟ್ಟಿತು. ಶಾಖಪಂಪುಗಳು ಮನೆಗಳನ್ನು ಹೊಕ್ಕವು. ಆದರೆ 1980ರ ದಶಕದ ಮಧ್ಯದಲ್ಲಿ ಎಣ್ಣೆಯ ಬೆಲೆ ಕುಸಿದು ಸಹಾಯಧನವೂ ನಿಂತಾಗ ಮಾರಾಟ ತೀವ್ರವಾಗಿ ಇಳಿಯಿತು. ಅವಸರದಲ್ಲಿ ಹಾಕಿದ ಕೆಲವು ಯಂತ್ರಗಳು ಕೆಟ್ಟು ಜನರ ನಂಬಿಕೆಯೂ ಕುಗ್ಗಿತ್ತು. 1991ರಲ್ಲಿ ಇಂಗಾಲದ ತೆರಿಗೆ ಬಂದಿತು; 1990ರ ದಶಕದ ಮಧ್ಯದಲ್ಲಿ ಸರ್ಕಾರಿ ಸಂಸ್ಥೆಯೊಂದು ಸ್ಪರ್ಧೆಯನ್ನೇರ್ಪಡಿಸಿ ಉತ್ತಮವೂ ಅಗ್ಗವೂ ಆದ ಯಂತ್ರಗಳನ್ನು ತಯಾರಿಸುವಂತೆ ಮಾಡಿತು. ಆ ಬಳಿಕ ಪಂಪು ಮರಳಿ ಬಂದಿತು. ಇಂದು ಸ್ವೀಡನ್ನಿನ ಬಿಡಿಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಶಾಖಪಂಪು ಇದೆ. ಜನ ಅವರೇ, ಚಳಿಯೂ ಅದೇ. ಬದಲಾದುದು ಬೆಲೆ, ತೆರಿಗೆ ಮತ್ತು ಭರವಸೆ.

2022ರಲ್ಲಿ ಯುಕ್ರೇನಿನ ಯುದ್ಧದಿಂದ ಅನಿಲದ ಅಭಾವ ತೋರಿದಾಗ ಯೂರೋಪಿನಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಆ ವರ್ಷ ಅಲ್ಲಿ ಸುಮಾರು 30 ಲಕ್ಷ ಪಂಪುಗಳು ಮಾರಾಟವಾದುವು. ಬ್ರಿಟಿಷ್ ಸರ್ಕಾರವು 2022ರಲ್ಲಿ ಪ್ರತಿ ಮನೆಗೆ 5,000 ಪೌಂಡುಗಳ ಸಹಾಯಧನವನ್ನು ಗೊತ್ತುಮಾಡಿ, 2023ರಲ್ಲಿ ಅದನ್ನು 7,500ಕ್ಕೆ ಏರಿಸಿತು. ಆದರೂ ಅಲ್ಲಿನ ಗೃಹಸ್ಥನ ಲೆಕ್ಕ ಇನ್ನೂ ಕಠಿಣವೇ. ಬಾಯ್ಲರು ಹತ್ತರಲ್ಲಿ ಒಂಬತ್ತು ಪಾಲು ಶಾಖ ಕೊಟ್ಟು, ಪಂಪು ಒಂದಕ್ಕೆ ಮೂರು ಕೊಟ್ಟರೆ, ವಿದ್ಯುತ್ತಿನ ದರ ಅನಿಲದ ದರದ ಸುಮಾರು ಮೂರೂಕಾಲು ಪಟ್ಟಿಗಿಂತ ಕಡಿಮೆ ಇದ್ದಾಗ ಮಾತ್ರ ಖರ್ಚಿನಲ್ಲಿ ಲಾಭ. ಈಚಿನ ವರ್ಷಗಳಲ್ಲಿ ಬ್ರಿಟನ್ನಿನ ವಿದ್ಯುತ್ತು ಹಲವೊಮ್ಮೆ ಅನಿಲದ ಸುಮಾರು ನಾಲ್ಕು ಪಟ್ಟು ದುಬಾರಿಯಾಗಿದ್ದಿತು. ಜೊತೆಗೆ, ಗಾಳಿ ಸೋರುವ ಹಳೆಯ ಮನೆಗೆ ಹೆಚ್ಚು ಬಿಸಿಯಾದ ನೀರು ಬೇಕು; ಮೇಲೆ ಹೇಳಿದ ಸೂತ್ರದಂತೆ ಅಂತರ ಹೆಚ್ಚಿದಷ್ಟೂ ಯಂತ್ರದ ಲಾಭ ಕುಗ್ಗುತ್ತದೆ.

ಇದಿಷ್ಟರಿಂದ ನಾವು ಕಾಣುವುದೇನೆಂದರೆ, ಶಾಖಪಂಪನ್ನು ಹಾಕಿಸುವ ನಿರ್ಧಾರ ಮನೆಯೊಳಗೆ ನಡೆಯುತ್ತದೆಯಾದರೂ ಅದರ ಕಾರಣಗಳು ಬಹುಪಾಲು ಮನೆಯ ಹೊರಗಿವೆ. ವಿದ್ಯುತ್ತಿನ ಮೂಲವಾವುದು, ಇಂಧನಗಳ ಮೇಲೆ ತೆರಿಗೆ ಎಷ್ಟು, ಯಂತ್ರ ಕೆಟ್ಟರೆ ಹೊಣೆ ಯಾರದು ಎಂಬುವನ್ನು ಗೃಹಸ್ಥನು ನಿರ್ಣಯಿಸಲಾರ. ಅವುಗಳ ಫಲವನ್ನು ಮಾತ್ರ ಅವನು ಅನುಭವಿಸಬೇಕು. ಈ ವಿಷಯದಲ್ಲಿ ಅವನ ಸಂಕೋಚವನ್ನು ಮೌಢ್ಯವೆಂದೆಣಿಸುವ ಚರಿತ್ರೆ ಅಪೂರ್ಣವಾದುದು. ಹೊಸ ಯಂತ್ರಗಳು ಜನಜೀವನವನ್ನು ಪ್ರವೇಶಿಸಿದ ಬಗೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಯಂತ್ರವನ್ನು ಕಂಡುಹಿಡಿದವನ ಕಡತದ ಜೊತೆಗೆ ಮನೆಯ ಜಮಾಖರ್ಚಿನ ಪುಸ್ತಕವನ್ನೂ ತೆರೆದು ನೋಡಬೇಕು.