ಮೋಟಾರ್‌ಸೈಕಲ್ ಹೆಡ್‌ಲೈಟ್ ದೋಷಪತ್ತೆ

ಮೋಟಾರ್‌ಸೈಕಲ್ ಹೆಡ್‌ಲೈಟ್ ದೋಷಪತ್ತೆ ಎಂದರೆ ದ್ವಿಚಕ್ರ ವಾಹನದ ಮುಂದಿನ ದೀಪವು ಉರಿಯದಿದ್ದಾಗ, ಮಂಕಾದಾಗ ಅಥವಾ ಬಿಟ್ಟು ಬಿಟ್ಟು ಉರಿಯುವಾಗ ಅದರ ಕಾರಣವನ್ನು ಕ್ರಮವಾಗಿ ಪರಿಶೀಲಿಸಿ ಕಂಡುಹಿಡಿಯುವ ವಿಧಾನ. ದೀಪ ಆರಿದೊಡನೆ ಬಲ್ಬನ್ನು ಬದಲಾಯಿಸುವುದು ಸಾಮಾನ್ಯ ರೂಢಿ. ಆದರೆ ದೋಷವು ಫ್ಯೂಸ್, ಹೋಲ್ಡರ್, ಸ್ವಿಚ್, ತಂತಿ, ಅರ್ತ್ ಸಂಪರ್ಕ ಅಥವಾ ರೆಗ್ಯುಲೇಟರ್‌ನಲ್ಲಿಯೂ ಇರಬಹುದು. ಮೂಲ ಕಾರಣವನ್ನು ಸರಿಪಡಿಸದೆ ಹಾಕಿದ ಹೊಸ ಬಲ್ಬು ಮತ್ತೆ ಕೈಕೊಡುವ ಸಾಧ್ಯತೆ ಇರುತ್ತದೆ. ಕರಾವಳಿ ಪ್ರದೇಶದಲ್ಲಿ ಉಪ್ಪಿನ ಗಾಳಿ ಮತ್ತು ಮಳೆಯಿಂದ ಲೋಹದ ಸಂಪರ್ಕಗಳು ಬೇಗನೆ ಕಿಲುಬು ಹಿಡಿಯುವುದರಿಂದ ಅಲ್ಲಿ ಈ ಪರಿಶೀಲನೆಗೆ ವಿಶೇಷ ಮಹತ್ವವಿದೆ.

ರಚನೆ ಮತ್ತು ಕಾರ್ಯ

ಹ್ಯಾಲೊಜೆನ್ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತು ಬಿಸಿಯಾಗಿ ಬೆಳಕು ನೀಡುತ್ತದೆ. ಹೆಡ್‌ಲೈಟಿನ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತುಗಳಿದ್ದು, ಒಂದು ಹೈ ಬೀಮ್‌ಗೆ, ಇನ್ನೊಂದು ಲೋ ಬೀಮ್‌ಗೆ ಬಳಕೆಯಾಗುತ್ತದೆ. ಭಾರತದ ಮೋಟಾರ್‌ಸೈಕಲ್‌ಗಳಲ್ಲಿ 12 ವೋಲ್ಟ್, 35/35 ವಾಟ್ ಬಲ್ಬುಗಳು ಹೆಚ್ಚು. ದೊಡ್ಡ ಬೈಕ್‌ಗಳಲ್ಲಿ 60/55 ವಾಟ್‌ನ ಎಚ್4 ಬಲ್ಬು ಇರುತ್ತದೆ. 35 ವಾಟ್ ಬಲ್ಬಿಗೆ ಸುಮಾರು 3 ಆಂಪಿಯರ್, 60 ವಾಟ್ ತಂತುವಿಗೆ 5 ಆಂಪಿಯರ್ ವಿದ್ಯುತ್ ಬೇಕಾಗುತ್ತದೆ.

ದೀಪಕ್ಕೆ ವಿದ್ಯುತ್ ಒದಗಿಸುವ ವ್ಯವಸ್ಥೆ ಎರಡು ಬಗೆಯದು. ಡಿಸಿ ವ್ಯವಸ್ಥೆಯಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಬರುತ್ತದೆ. ಎಸಿ ವ್ಯವಸ್ಥೆಯಲ್ಲಿ ಎಂಜಿನ್‌ನ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಬರುವುದರಿಂದ ಎಂಜಿನ್ ಓಡುತ್ತಿದ್ದರೆ ಮಾತ್ರ ದೀಪ ಉರಿಯುತ್ತದೆ; ಎಂಜಿನ್ ವೇಗ ಇಳಿದಂತೆ ಬೆಳಕೂ ಮಂಕಾಗುತ್ತದೆ. ಇದನ್ನು ದೋಷವೆಂದು ಭಾವಿಸಬಾರದು.

ಭಾರತದಲ್ಲಿ 2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರ ವಾಹನಗಳಿಗೆ ಹೆಡ್‌ಲೈಟ್ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಇಂತಹ ವಾಹನಗಳಲ್ಲಿ ದೀಪ ಆರಿಸುವ ಸ್ವಿಚ್ ಇರುವುದಿಲ್ಲ. ಹಗಲಿನಲ್ಲಿಯೂ ದೀಪ ಉರಿಯುವುದರಿಂದ ಬಲ್ಬಿನ ಬಳಕೆಯ ಗಂಟೆಗಳು ಹಳೆಯ ವಾಹನಗಳಿಗಿಂತ ಹೆಚ್ಚು.

ಕರಾವಳಿಯ ಪ್ರಭಾವ

ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಉಚ್ಚಿಲವು ಅರಬ್ಬೀ ಸಮುದ್ರಕ್ಕೆ ಸಮೀಪದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು ಮತ್ತು ಪಡುಬಿದ್ರಿಗಳ ನಡುವೆ ಇದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಲ್ಪೆ ಬಂದರಿನ ಕೆಲಸಕ್ಕೆ ನಸುಕಿನಲ್ಲೇ ಹೊರಡುವವರೂ ರಾತ್ರಿ ಪಾಳಿ ಮುಗಿಸಿ ಮರಳುವವರೂ ಲಾರಿ, ಬಸ್ಸುಗಳು ವೇಗವಾಗಿ ಸಾಗುವ ಇದೇ ಹೆದ್ದಾರಿಯನ್ನು ಬಳಸುತ್ತಾರೆ. ಆದ್ದರಿಂದ ಇಲ್ಲಿ ಹೆಡ್‌ಲೈಟ್ ಇಲ್ಲದ ಬೈಕ್ ಸವಾರನಿಗೂ ಪಾದಚಾರಿಗೂ ಪ್ರಾಣಾಪಾಯ ತರಬಲ್ಲದು.

ಗಾಳಿಯಲ್ಲಿರುವ ಉಪ್ಪಿನ ಕಣಗಳು ತೇವಾಂಶವನ್ನು ಹೀರಿ ತಾಮ್ರ ಮತ್ತು ಹಿತ್ತಾಳೆಯ ತುದಿಗಳ ಮೇಲೆ ಹಸಿರು ಕಿಲುಬನ್ನೂ, ಕಬ್ಬಿಣದ ಚೌಕಟ್ಟಿನ ಮೇಲೆ ತುಕ್ಕನ್ನೂ ಉಂಟುಮಾಡುತ್ತವೆ. ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿ ಮೀನು ಸಾಗಿಸುವ ಬೈಕ್‌ಗಳಲ್ಲಿ ಸೋರುವ ಉಪ್ಪುನೀರು ಈ ಹಾನಿಯನ್ನು ಹೆಚ್ಚಿಸುತ್ತದೆ. ಕಿಲುಬು ವಿದ್ಯುತ್ತಿನ ಹರಿವಿಗೆ ತಡೆ ಒಡ್ಡುತ್ತದೆ. 12 ವೋಲ್ಟ್, 35 ವಾಟ್ ಬಲ್ಬಿನ ದಾರಿಯಲ್ಲಿ ಅರ್ಧ ಓಮ್ ತಡೆ ಇದ್ದರೂ ಸುಮಾರು 1.3 ವೋಲ್ಟ್ ನಷ್ಟವಾಗುತ್ತದೆ. ವೋಲ್ಟೇಜ್ ಶೇಕಡಾ 10ರಷ್ಟು ತಗ್ಗಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ತಗ್ಗುತ್ತದೆ. ಬಲ್ಬು ಚೆನ್ನಾಗಿದ್ದರೂ ದೀಪ ಮಂಕಾಗಲು ಇದೇ ಕಾರಣ.

6 ವೋಲ್ಟ್ ವ್ಯವಸ್ಥೆಯ ಹಳೆಯ ವಾಹನಗಳಲ್ಲಿ ಈ ತೊಂದರೆ ಇನ್ನೂ ತೀವ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ 250 ಇದಕ್ಕೆ ಉದಾಹರಣೆ. ಅಷ್ಟೇ ವಾಟ್‌ನ ಬಲ್ಬಿಗೆ 6 ವೋಲ್ಟ್‌ನಲ್ಲಿ ಎರಡರಷ್ಟು ವಿದ್ಯುತ್ ಹರಿಯಬೇಕಾಗುವುದರಿಂದ, ಅದೇ ಅರ್ಧ ಓಮ್ ತಡೆಯು ವೋಲ್ಟೇಜಿನ ಮೂರನೇ ಒಂದು ಭಾಗವನ್ನು ನುಂಗಿಬಿಡುತ್ತದೆ.

ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

• ಹೈ ಅಥವಾ ಲೋ ಬೀಮ್‌ಗಳಲ್ಲಿ ಒಂದು ಮಾತ್ರ ಉರಿಯದಿರುವುದು: ಬಲ್ಬಿನ ಒಂದು ತಂತು ಕಡಿದಿರುವುದು ಅಥವಾ ಡಿಮ್ಮರ್ ಸ್ವಿಚ್‌ನ ದೋಷ.
• ಎರಡೂ ಉರಿಯದಿರುವುದು: ಫ್ಯೂಸ್, ಹೋಲ್ಡರ್, ಅರ್ತ್ ಅಥವಾ ವಿದ್ಯುತ್ ಒದಗಿಸುವ ತಂತಿಯ ದೋಷ.
• ಹೆಡ್‌ಲೈಟ್, ಹಾರ್ನ್, ಇಂಡಿಕೇಟರ್ ಎಲ್ಲವೂ ಸ್ತಬ್ಧವಾಗಿರುವುದು: ಮುಖ್ಯ ಫ್ಯೂಸ್ ಅಥವಾ ಬ್ಯಾಟರಿಯ ದೋಷ.
• ಹ್ಯಾಂಡಲ್ ತಿರುಗಿಸಿದಾಗ ದೀಪ ಆರುವುದು: ಹ್ಯಾಂಡಲ್ ಬುಡದಲ್ಲಿ ತಂತಿಯು ಒಳಗೆ ಕಡಿದಿರುವುದು.
• ಬಲ್ಬುಗಳು ಪದೇ ಪದೇ ಸುಟ್ಟುಹೋಗುವುದು: ರೆಗ್ಯುಲೇಟರ್‌ನ ದೋಷ ಅಥವಾ ಸಡಿಲವಾದ ಹೋಲ್ಡರ್.

ಪರಿಶೀಲನೆಯ ಕ್ರಮ

ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗುವುದು ಈ ಕ್ರಮದ ತತ್ತ್ವ. ತಂತಿ ಅಥವಾ ಬಲ್ಬನ್ನು ಬಿಚ್ಚುವ ಮುನ್ನ ಇಗ್ನಿಶನ್ ಕೀಲಿಯನ್ನು ತೆಗೆದಿರಬೇಕು. ಬಿಸಿಯಾದ ಬಲ್ಬು ತಣಿಯಲು ಸಮಯ ಕೊಡಬೇಕು.

1. ಫ್ಯೂಸ್: ಒಳಗಿನ ಲೋಹದ ಪಟ್ಟಿ ಕಡಿದಿದ್ದರೆ ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಬೇಕು. ಹೆಚ್ಚಿನ ಆಂಪಿಯರ್‌ನ ಫ್ಯೂಸ್ ಅಥವಾ ತಂತಿಯ ತುಂಡು ಹಾಕಿದರೆ ವೈರಿಂಗ್ ಸುಟ್ಟು ಬೆಂಕಿ ಹತ್ತಬಹುದು. ಹೊಸ ಫ್ಯೂಸ್ ಕೂಡಲೇ ಹೋದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಕೆಲವು ಎಸಿ ವ್ಯವಸ್ಥೆಗಳಲ್ಲಿ ಹೆಡ್‌ಲೈಟಿಗೆ ಫ್ಯೂಸ್ ಇರುವುದಿಲ್ಲ.

2. ಬಲ್ಬು: ತಂತು ಕಡಿದಿದೆಯೇ, ಗಾಜು ಕಪ್ಪಾಗಿದೆಯೇ ಎಂದು ನೋಡಬೇಕು. ಕಣ್ಣಿಗೆ ಸರಿಯಾಗಿ ಕಂಡರೂ ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳುವುದು ಉತ್ತಮ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಜಾಗ ಅತಿಯಾಗಿ ಬಿಸಿಯಾಗಿ ಬಲ್ಬಿನ ಆಯುಸ್ಸು ಕುಗ್ಗುತ್ತದೆ.

3. ಹೋಲ್ಡರ್: ಹಸಿರು ಕಿಲುಬು, ಸಡಿಲವಾದ ಪಿನ್ನು, ಕಂದುಬಣ್ಣಕ್ಕೆ ತಿರುಗಿದ ಅಥವಾ ಕರಗಿದ ಪ್ಲಾಸ್ಟಿಕ್ ಇದೆಯೇ ಎಂದು ನೋಡಬೇಕು. ಕಿಲುಬನ್ನು ನಯವಾದ ಮರಳು ಕಾಗದದಿಂದ ತೆಗೆಯಬಹುದು. ಕರಗಿದ ಹೋಲ್ಡರನ್ನು ಬದಲಾಯಿಸಲೇಬೇಕು.

4. ವೋಲ್ಟೇಜ್: ಹೋಲ್ಡರ್‌ನ ತುದಿಗಳಲ್ಲಿ ಮಲ್ಟಿಮೀಟರ್‌ನಿಂದ ಅಳೆಯಬೇಕು. ಡಿಸಿ ವ್ಯವಸ್ಥೆಯಲ್ಲಿ 12 ವೋಲ್ಟ್ ಆಸುಪಾಸು ಇರಬೇಕು. ಎಸಿ ವ್ಯವಸ್ಥೆಯಲ್ಲಿ ಎಂಜಿನ್ ಓಡುತ್ತಿರುವಾಗ, ಮೀಟರನ್ನು ಎಸಿ ಶ್ರೇಣಿಗೆ ಇಟ್ಟು ಅಳೆಯಬೇಕು. ಡಿಸಿ ಶ್ರೇಣಿಯಲ್ಲಿ ಅಳೆದು ವಿದ್ಯುತ್ ಇಲ್ಲವೆಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು.

5. ಅರ್ತ್: ಡಿಸಿ ವ್ಯವಸ್ಥೆಯಲ್ಲಿ ಹೋಲ್ಡರ್‌ನ ಅರ್ತ್ ತುದಿಯಿಂದ ಬ್ಯಾಟರಿಯ ಋಣ ತುದಿಗೆ ಪ್ರತ್ಯೇಕ ತಂತಿ ಜೋಡಿಸಿದಾಗ ದೀಪ ಉರಿದರೆ ದೋಷ ಅರ್ತ್‌ನಲ್ಲಿದೆ. ಚೌಕಟ್ಟಿಗೆ ಅರ್ತ್ ಕಟ್ಟಿದ ಬೋಲ್ಟನ್ನು ಬಿಚ್ಚಿ, ತುಕ್ಕು ಮತ್ತು ಬಣ್ಣವನ್ನು ಉಜ್ಜಿ ತೆಗೆದು ಮತ್ತೆ ಬಿಗಿಯಬೇಕು. ತಂತಿಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ವಾಹನದ ಕೈಪಿಡಿಯ ವೈರಿಂಗ್ ನಕ್ಷೆಯನ್ನು ನೋಡುವುದು ಅಗತ್ಯ.

6. ಸ್ವಿಚ್ ಮತ್ತು ತಂತಿ: ಡಿಮ್ಮರ್ ಸ್ವಿಚ್ಚನ್ನು ಕೆಲವು ಬಾರಿ ಅತ್ತಿತ್ತ ಸರಿಸಿದಾಗ ದೀಪ ಉರಿದರೆ ಅದರ ಒಳಗಿನ ಸಂಪರ್ಕಗಳನ್ನು ಶುಚಿಗೊಳಿಸಬೇಕು. ಬಳಿಕ ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿ ದೀಪವನ್ನು ಗಮನಿಸಬೇಕು.

7. ರೆಗ್ಯುಲೇಟರ್: ಎಂಜಿನ್ ವೇಗ ಏರಿಸಿದಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರುತ್ತದೆ. 15 ವೋಲ್ಟ್ ಮೀರಿದರೆ ರೆಗ್ಯುಲೇಟರ್ ಕೆಟ್ಟಿರುವ ಸಂಭವ ಹೆಚ್ಚು. ವೋಲ್ಟೇಜ್ ಶೇಕಡಾ 5ರಷ್ಟು ಹೆಚ್ಚಿದರೂ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎಲ್‌ಇಡಿ ಹೆಡ್‌ಲೈಟ್

ಎಲ್‌ಇಡಿ ದೀಪದಲ್ಲಿ ತಂತು ಇರುವುದಿಲ್ಲ. ವಿದ್ಯುತ್ತನ್ನು ನಿಯಂತ್ರಿಸುವ ಡ್ರೈವರ್ ಭಾಗವಿರುತ್ತದೆ. ಫ್ಯೂಸ್, ಕನೆಕ್ಟರ್, ಅರ್ತ್‌ಗಳು ಸರಿಯಿದ್ದೂ ದೀಪ ಉರಿಯದಿದ್ದರೆ ಬಹಳಷ್ಟು ಮಾದರಿಗಳಲ್ಲಿ ಇಡೀ ಘಟಕವನ್ನೇ ಬದಲಾಯಿಸಬೇಕಾಗುತ್ತದೆ. ಹ್ಯಾಲೊಜೆನ್‌ಗಾಗಿ ರೂಪಿಸಿದ ಪ್ರತಿಫಲಕಕ್ಕೆ ಎಲ್‌ಇಡಿ ಬಲ್ಬು ಅಳವಡಿಸಿದರೆ ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣು ಕುಕ್ಕಬಹುದು.

ದಾರಿಯಲ್ಲಿ ದೀಪ ಆರಿದಾಗ

ಹೈ ಮತ್ತು ಲೋ ಬೀಮ್‌ಗಳ ತಂತುಗಳು ಬೇರೆಬೇರೆ ಆಗಿರುವುದರಿಂದ ಒಂದು ಆರಿದರೆ ಡಿಮ್ಮರ್ ಸ್ವಿಚ್ಚಿನಿಂದ ಇನ್ನೊಂದನ್ನು ಪ್ರಯತ್ನಿಸಬಹುದು. ಎರಡೂ ಉರಿಯದಿದ್ದರೆ ಇಂಡಿಕೇಟರ್ ಹಾಕಿ, ವಾಹನವನ್ನು ಡಾಂಬರಿನಿಂದ ಪೂರ್ತಿಯಾಗಿ ಹೊರಗೆ ತಂದು ನಿಲ್ಲಿಸಬೇಕು. ಮೊಬೈಲ್ ಟಾರ್ಚು ದೋಷ ನೋಡಲು ಸಾಕಾದರೂ ಹೆಡ್‌ಲೈಟಿಗೆ ಬದಲಿಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ಹಾಗೂ ಸಾಕಷ್ಟು ಬೆಳಕಿಲ್ಲದ ಯಾವುದೇ ಸಮಯದಲ್ಲಿ ವಾಹನದ ದೀಪಗಳು ಉರಿಯುತ್ತಿರಬೇಕು.

ಮುನ್ನೆಚ್ಚರಿಕೆ

ಮಳೆಗಾಲಕ್ಕೆ ಮುನ್ನ ಹೋಲ್ಡರ್, ಕನೆಕ್ಟರ್ ಮತ್ತು ಅರ್ತ್ ತುದಿಗಳನ್ನು ಶುಚಿಗೊಳಿಸಿ, ವಿದ್ಯುತ್ ಸಂಪರ್ಕಗಳಿಗೆಂದೇ ಇರುವ ಗ್ರೀಸನ್ನು ತೆಳುವಾಗಿ ಸವರಿದರೆ ಕಿಲುಬು ನಿಧಾನವಾಗುತ್ತದೆ. ಹೆಡ್‌ಲೈಟ್ ಗಾಜಿನ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಬೇಕು. ಸಮುದ್ರ ತೀರಕ್ಕೆ ಹೋಗಿಬಂದ ವಾಹನವನ್ನು ಸಿಹಿನೀರಿನಿಂದ ತೊಳೆದು ಒಣಗಿಸುವುದು, ಸೀಟಿನ ಕೆಳಗೆ ಒಂದು ಬಲ್ಬು ಮತ್ತು ಫ್ಯೂಸನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಉಪಯುಕ್ತ.