ತುರ್ಕು ನಗರದ ಮರುನಿರ್ಮಾಣ

ಫಿನ್ಲೆಂಡಿನ ಅತ್ಯಂತ ಹಳೆಯ ನಗರ ತುರ್ಕು. ಔರಾ ನದಿಯ ದಡದಲ್ಲಿ, ಕಲ್ಲಿನ ಕ್ಯಾಥೆಡ್ರಲ್ಲಿನ ಆಸುಪಾಸಿನಲ್ಲಿ ಮರದ ಮನೆಗಳು ಒತ್ತೊತ್ತಾಗಿ ಬೆಳೆದಿದ್ದ ಊರು. ಅಲ್ಲಿ ಬೆಂಕಿ ಬೀಳುವುದು ಹೊಸದೇನಲ್ಲ. ಆದರೆ 1827ರ ಸೆಪ್ಟೆಂಬರ್ 4ರ ರಾತ್ರಿ ಹೊತ್ತಿಕೊಂಡ ಬೆಂಕಿ ಅವೆಲ್ಲವನ್ನೂ ಮೀರಿಸಿತು. ಮಳೆಯಿಲ್ಲದ ಬೇಸಿಗೆ, ಬಿರುಗಾಳಿ, ಸಾಲದ್ದಕ್ಕೆ ಊರಿನ ಎಷ್ಟೋ ಜನ ತಾಂಪೆರೆಯ ಜಾತ್ರೆಗೆ ಹೋಗಿದ್ದರು. ಕಿಡಿ ನದಿಯನ್ನೂ ದಾಟಿತು. ಊರಿನ ಮುಕ್ಕಾಲು ಪಾಲು ಬೂದಿಯಾಯಿತು. 27 ಮಂದಿ ಸತ್ತರು, ಸುಮಾರು 11,000 ಮಂದಿ ಸೂರು ಕಳೆದುಕೊಂಡರು.

ಪೆಟ್ಟು ಕಟ್ಟಡಗಳಿಗೆ ಮಾತ್ರ ಬೀಳಲಿಲ್ಲ. ರಾಜಧಾನಿಯ ಪಟ್ಟ 1812ರಲ್ಲೇ ಹೆಲ್ಸಿಂಕಿಗೆ ಹೋಗಿತ್ತು. ಗ್ರಂಥಾಲಯ ಸುಟ್ಟುಹೋದ ವಿಶ್ವವಿದ್ಯಾಲಯವೂ 1828ರಲ್ಲಿ ಅತ್ತಲೇ ನಡೆಯಿತು.

ಹೊಸ ನಕ್ಷೆ ಬರೆದವನು ಕಾರ್ಲ್ ಲುಡ್ವಿಗ್ ಎಂಗೆಲ್. ಬರ್ಲಿನ್ನಿನಲ್ಲಿ ಹುಟ್ಟಿದ ಈತ ಆಗಲೇ ಹೆಲ್ಸಿಂಕಿಯ ಸೆನೆಟ್ ಚೌಕವನ್ನು ರೂಪಿಸುತ್ತಿದ್ದ. ಆಗ ಫಿನ್ಲೆಂಡ್ ರಷ್ಯಾದ ಅಧೀನದಲ್ಲಿತ್ತು. 1828ರ ಕೊನೆಗೆ ಚಕ್ರವರ್ತಿ ಒಂದನೇ ನಿಕೊಲಾಯ್ ನಕ್ಷೆಗೆ ಒಪ್ಪಿಗೆ ಕೊಟ್ಟ. ಮರವನ್ನೇ ಬಿಡಿ ಎಂದು ಎಂಗೆಲ್ ಹೇಳಲಿಲ್ಲ. ಹೇಳಿದ್ದರೂ ಕಲ್ಲಿನ ಮನೆ ಕಟ್ಟಿಸುವ ತಾಕತ್ತು ಎಷ್ಟು ಜನಕ್ಕಿತ್ತು? ಅವನು ಕಟ್ಟಿಹಾಕಹೊರಟದ್ದು ಬೆಂಕಿಯ ದಾರಿಯನ್ನು. ಡೊಂಕು ಓಣಿಗಳ ಜಾಗದಲ್ಲಿ ಅಗಲವಾದ ನೇರ ಬೀದಿಗಳು ಚೌಕುಳಿಯಾಗಿ ಹಬ್ಬಿದವು. ಮರದ ಮನೆಗೆ ಒಂದೇ ಅಂತಸ್ತು. ಮನೆ ಮನೆಯ ನಡುವೆ ಬಯಲು, ಆ ಬಯಲಿನಲ್ಲಿ ಹಾರುವ ಕಿಡಿಯನ್ನು ತಡೆಯಲು ಎಲೆ ದಟ್ಟವಾದ ಗಿಡಗಳ ಸಾಲು. ಕ್ಯಾಥೆಡ್ರಲ್ ಪಕ್ಕದ ಹಳೆಯ ಸಂತೆಚೌಕದ ಗದ್ದಲ ನದಿಯಾಚೆಯ ಹೊಸ ಮಾರುಕಟ್ಟೆ ಚೌಕಕ್ಕೆ ಸರಿಯಿತು. ಅದರ ಅಂಚಿನಲ್ಲಿ ಎಂಗೆಲ್‌ನ ನಕ್ಷೆಯಂತೆ ಎದ್ದ ಆರ್ಥೊಡಾಕ್ಸ್ ಚರ್ಚು ಮುಗಿದದ್ದು 1845ರಲ್ಲಿ, ಅವನು ತೀರಿಕೊಂಡು ಐದು ವರ್ಷಗಳ ಮೇಲೆ.

ಆದರೆ ಕಾಗದದ ಮೇಲಿನ ಗೆರೆಗಳೆಲ್ಲ ನೆಲಕ್ಕೆ ಇಳಿಯಲಿಲ್ಲ. ಗುಡ್ಡದ ಬದಿಯ ಲುಒಸ್ತಾರಿನ್‌ಮ್ಯಾಕಿ ಎಂಬ ಬಡವರ ಕೇರಿ ಬೆಂಕಿಗೆ ಸಿಕ್ಕಿರಲಿಲ್ಲ. ನಕ್ಷೆಯ ಪ್ರಕಾರ ಅದು ನೆಲಸಮವಾಗಬೇಕಿತ್ತು. ಕೆಡವುವ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು, ಜನ ಅಲ್ಲೇ ಬಾಳುತ್ತಿದ್ದರು. 1940ರಲ್ಲಿ ಆ ಕೇರಿಯೇ ಕರಕುಶಲ ಮ್ಯೂಸಿಯಂ ಆಯಿತು. ಬೆಂಕಿಗಿಂತ ಮೊದಲಿನ ತುರ್ಕುವನ್ನು ನೋಡಬಯಸುವವರು ಈಗ ಅಲ್ಲಿಗೇ ಹೋಗಬೇಕು.

ಎಂಗೆಲ್‌ನ ಬೀದಿಗಳು ಉಳಿದವು. ಅವುಗಳ ಬದಿಯ ಮನೆಗಳಿಗೆ ಆ ಭಾಗ್ಯವಿರಲಿಲ್ಲ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಅವುಗಳನ್ನು ಸಾಲುಸಾಲಾಗಿ ಕೆಡವಿ ಕಾಂಕ್ರೀಟು ಕಟ್ಟಡಗಳನ್ನು ಎಬ್ಬಿಸಲಾಯಿತು. ಬೆಂಕಿಯ ಹಂಗಿಲ್ಲದೆ ನಡೆದ ಈ ನಾಶಕ್ಕೆ ಫಿನ್ಲೆಂಡಿನಲ್ಲಿ 'ತುರ್ಕು ರೋಗ' ಎಂಬ ಹೆಸರು ಬಿದ್ದಿದೆ.